ನಾಲ್ಕು ತಾಸು

ಜಗದೇವಕ್ಕನ ತೋಳಿಗಿ ಸೂಜಿ ಚುಚ್ಚಿ
ಮಷಿನ್ ತಿರಗಲಕ್ಕ ಹತ್ತಿದ ಮ್ಯಾಲ
ಸಿಸ್ಟರ್ ಅಂತಾಳ, ನೀವು ಹೊರಗ ಕೂಡ್ರಿ.
ಹೊರಗ ಅಂದ್ರ ನನಗ ಅಪ್ಪನ ಕೆರಿ.
ಗೇಟಿನ ಚೀಟಿ, ಬಣ್ಣ ಹೋದ ಸಿಮೆಂಟಿನ ಜಿಂಕಿ,
ಮೂರನೇ ಬೆಂಚು. ಮೊದಲಿನ ಎರಡರಾಗ
ಕಾಲೇಜಿನ ಜೋಡಿ ಕೂತಿರ್ತಾವ,
ನಾ ಆ ಕಡಿ ನೋಡಂಗಿಲ್ಲ.

ನೀರಿನ ಮ್ಯಾಲ ಕರೇ ಕೋಳಿಗೋಳು.
ಹಣಿಯಿಂದ ಕೊಕ್ಕಿನ ತನಕ ಬೆಳ್ಳನ ಪಟ್ಟಿ.
ಬೋರ್ಡಿನಾಗ ನಾಮಗೋಳಿ ಅಂತ ಬರದಾರ.
ನಮ್ಮ ಊರಾಗ ಎಲ್ಲೀ ನಾಮ? ಇದು ಇಬತ್ತಿ,
ಗಡಬಡಿಸಿ ಹಚ್ಚಿಕೊಂಡು ಸೋರಿದ್ದು.
ಪೆಡಲ್ ಬೋಟ್ ಕಾಯೋ ಲಾಡ್ಲೆಸಾಬ್ ನಕ್ಕ:
"ಸುಣ್ಣ ಬಳಿಯೋರ ಹಣೀನೂ ಹಂಗೇ ಇರ್ತದ ಅಕ್ಕೋರ."

ಗುಳುಮುಳುಕ ಒಂದದ, ಮುಷ್ಟಿಯಷ್ಟು.
ಇದ್ದಕ್ಕಿದ್ದಂಗ
ಗುಳುಂ.
ನಾ ಎಣಿಸ್ತೀನಿ. ಹನ್ನೊಂದು. ಹನ್ನೆರಡು.
ಬ್ಲೌಸಿಗಿ ಹುಕ್ ಹಚ್ಚಲಕ್ಕ ತಂದಿರ್ತೀನಿ,
ಸೂಜಿ ಕೈಯಾಗ, ದಾರ ನೆಲದ ಮ್ಯಾಲ. ಹತ್ತೊಂಬತ್ತು.
ಏಳ್ತದ, ಖರೇ,
ನಾ ನೋಡಿದ ಜಾಗಾದಾಗ ಮಾತ್ರ ಎಂದೂ ಅಲ್ಲ.

ಬರುವಾಗ ಅಕ್ಕ ನಲವತ್ತೆಂಟೂವರಿ ಕಿಲೋ,
ಹೋಗುವಾಗ ನಲವತ್ತಾರು.
ಅಷ್ಟು ನೀರು ಎಲ್ಲಿ ಹೋಯ್ತು, ಯಾರೂ ಕೇಳಂಗಿಲ್ಲ.
ಮನ್ಯಾಗ ಆಕಿಗಿ ದಿನಕ್ಕ ಮೂರು ವಾಟಗಾ,
ಔಷಧ ನುಂಗೋದೂ ಅದರಾಗೇ ಬಂತು.
ಕೊಡದ ಮುಚ್ಚಳ ಸಪ್ಪಳಾದ್ರ
ಟಿವಿ ದನಿ ಏರಸ್ತಾಳ.

ಆಟೋದಾಗ ದಿನಾ ಕೇಳ್ತಾಳ, ಇವತ್ತೇನ್ ನೋಡ್ದಿ?
ಹೇಳ್ತೀನಿ: ನೀರುಕಾಗಿ ರೆಕ್ಕಿ ಹರವಿ ಕೂತಿತ್ತು,
ಹಸೀ ಕೊಡಿ ಒಣಗಸೋರಂಗ.
ಕಸಗಂಟಿ ಒಳಗಿಂದ ನೀಲಿ ಜಂಬುಕೋಳಿ ಬಂದು
ಹುಡುಗರು ಒಗದ ಚುರುಮುರಿ
ಒಂದ ಕಾಲಾಗ ಹಿಡದು ತಿಂತು.
ಕೆರಿ ಇಳದದ್ದು ಹೇಳಂಗಿಲ್ಲ,
ಮೆಟ್ಟಲದ ಕೆಳಗ ಐದು ಮಾರು ಕೆಸರು ಬಿದ್ದದ್ದು.

ಒಂದಿನ ತುಟಿ ಸವರಿಕೊಂಡು ಕೇಳಿದಳು,
"ಅವು ನೀರು ಕುಡೀತಾವೇನ?"

ನಾ ಸುಮ್ಮ ಆದೆ.
ಎರಡು ಚಳಿಗಾಲ ಕೂತೀನಿ ಆ ಬೆಂಚಿನ ಮ್ಯಾಲ,
ಇದೊಂದು ನೋಡೇ ಇಲ್ಲ.

ಗುರುವಾರ ಬರೇ ಅದೇ ಕಾದೆ.
ಇಬತ್ತಿ ಕೋಳಿ ಜಗಳಾಡಿದವು. ಕುಡೀಲಿಲ್ಲ.
ಗುಳುಮುಳುಕದ ಲೆಕ್ಕ ತಪ್ಪಿತು.
ದೂರದೇಶದ ಬಾತುಗೋಳು, ಸೌಟಿನಂಥಾ ಕೊಕ್ಕಿನವು,
ಬಾಯಿ ನೀರಿಗಿಟ್ಟು ಗಾಣದಂಗ ತಿರಗಿದವು,
ಕುಡದವು ಅಂದುಕೊಂಡೆ. "ಅದು ಕುಡಿಯೋದಲ್ಲ,
ಸೋಸೋದು," ಅಂದ ಲಾಡ್ಲೆಸಾಬ್,
"ಹುಳ ಹಿಡಕೊಂಡು ನೀರು ಬಿಟ್ಟುಬಿಡ್ತಾವ."

ಮೂರು ತಾಸು ಮುಗದಿತ್ತು.
ಆಗ ಅದರಾಗಿನ ಒಂದು, ಹೆಣ್ಣಿರಬೇಕು, ಕಂದು ಬಣ್ಣದ್ದು,
ಗುಂಪು ಬಿಟ್ಟು ದಂಡಿಗಿ ಬಂದು
ಕೊಕ್ಕ ಅದ್ದಿ
ಕುತ್ತಿಗಿ ಮ್ಯಾಲ ಎತ್ತಿತು.
ಗಂಟಲದಾಗ ಸಣ್ಣ ಗುಟುಕು ಇಳಿಯೋದು ಕಂಡಿತು.
ಮತ್ತ ಅದ್ದಿತು.
ನಾ ಯಾಕೋ ಕಣ್ಣ ಆ ಕಡಿ ತಿರುಗಿಸಿದೆ,
ಜೋಡಿಗಳ ಕಡಿ ತಿರುಗಿಸಿದಂಗ.

ಅಕ್ಕಗ ಹೇಳಲಿಲ್ಲ.
ಶಿವರಾತ್ರಿ ಆಯ್ತು, ಬಿಸಲು ಬಂತು.
ಇವತ್ತು ಕೆರಿ ನಡುವ ಖಾಲಿ.
"ಬಾತುಗೋಳು ಹೋದವು ಅಕ್ಕ," ಅಂದೆ.

ಸ್ಟೇಷನ್ ರೋಡಿನಾಗ ನಮ್ಮ ಮುಂದ ಟ್ಯಾಂಕರ್,
ಹಿಂದಿನ ನಳ ಸೋರಿ
ಡಾಂಬರಿನ ಮ್ಯಾಲ ಉದ್ದಕ ಹಸೀ ಗೆರಿ.
ಅಕ್ಕ ಅದನ್ನ ನೋಡಿಕೋತ ಕೇಳಿದಳು,
"ಕುಡದು ಹೋದವಾ?"