ಕರಡಚ್ಚು

ದುರ್ಗಿಗುಡಿಯ ಅಂಗಡಿಯಿಂದ ಬಂದ ಮದುವೆ ಕಾರ್ಡಿನ ಕರಡು
ನಾಲ್ಕು ದಿನದಿಂದ ಫ್ರಿಜ್ಜಿನ ಮೇಲೆ,
ಉಪ್ಪಿನ ಡಬ್ಬಿಯ ಕೆಳಗೆ.
ಫ್ಯಾನು ಹಾಕಿದರೆ ಒಂದು ಮೂಲೆ ಏಳುತ್ತದೆ.
ಯಾರೂ ಅತ್ತ ನೋಡುವುದಿಲ್ಲ.

ಅಪ್ಪ ಮೂವತ್ತೊಂದು ವರ್ಷ ಮೊಳೆ ಜೋಡಿಸಿದವನು.
ಅಕ್ಷರವನ್ನು ತಲೆಕೆಳಗಾಗಿ ಓದಬಲ್ಲವನು,
ನೆಟ್ಟಗಿದ್ದುದರ ಮೇಲೇ ಅವನಿಗೆ ಅನುಮಾನ.
ಊರವರ ಲಗ್ನಪತ್ರಿಕೆಗೆಲ್ಲ ಗಣಪತಿಯ ಬ್ಲಾಕು ಇಟ್ಟವನು
ತನ್ನದಕ್ಕೆ ಇಡಲಿಲ್ಲ.
ಎಪ್ಪತ್ತಮೂರರಲ್ಲಿ, ಅಂಗೈಯಗಲದ ನ್ಯೂಸ್‌ಪ್ರಿಂಟು:
“ಪುರೋಹಿತರಿಲ್ಲ. ಮುಹೂರ್ತವಿಲ್ಲ.
ಬಂದವರಿಗೆ ಮಂಡಕ್ಕಿ, ಬೆಲ್ಲದ ಪಾನಕ.”
ಆ ಕಾಗದವನ್ನು ಹೆತ್ತ ಮಕ್ಕಳಿಗಿಂತ
ಜೋಪಾನವಾಗಿ ಇಟ್ಟುಕೊಂಡಿದ್ದಾನೆ.
ಮಕ್ಕಳೆಂದರೆ ನಾನೊಬ್ಬಳೇ.

ಈಗ ನನ್ನ ಮಗಳಿಗೆ ಮೇಲುಗಡೆ
ಬಂಗಾರದ ಬಣ್ಣದ ಗಣಪತಿ ಬೇಕು,
ಕುಲದೇವರು ಬೇಕು, ಕೆಳಗೆ ಗೋತ್ರ ಬೇಕು,
ಅರಿಶಿನದ ದಿನಕ್ಕೆ ಬೇರೆಯೇ ಕಾರ್ಡು ಬೇಕು.
ಅವಳ ಹೆಸರು ಸಮತಾ. ಇಟ್ಟವನು ಅಪ್ಪ.

“ಗೋತ್ರ ಎಲ್ಲಿಂದ ತರಲೇ ಮಾರಾಯ್ತಿ?
ನಂದು ಬೆಡಗು, ನಿನ್ನಜ್ಜೀದು ಬಳಿ,
ಎರಡನ್ನೂ ತುಂಗೆಗೆ ಬಿಟ್ಟು ಐವತ್ತು ವರ್ಷ ಆಯ್ತು.”
“ಬಿಟ್ಟಿದ್ದು ನೀನು ಅಜ್ಜ. ನನ್ನ ಕೇಳಿದ್ಯಾ?
ಕ್ಲಾಸಲ್ಲಿ ಎಲ್ರಿಗೂ ಒಂದೊಂದು ಹಬ್ಬ ಇತ್ತು.
ನಂಗೆ ನಿನ್ನ ಭಾಷಣ ಇತ್ತು.”

ಮೆಗ್ಗಾನಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದಿದ್ದಳು,
ಯಾರ ರಕ್ತವಾದರೂ ಸರಿ, ಕುಲ ಕೇಳದೆ
ಗಾಜಿನ ಪಟ್ಟಿಗೆ ಸವರುವವಳು.
ಕಣ್ಣು ಕೆಂಪಗಿತ್ತು. ನಿದ್ದೆಗೋ, ಏತಕ್ಕೋ.

ನಾನು ನಡುವಿನವಳು.
ಅಪ್ಪನ ಮಾತು ಸರಿ ಎಂದು ಗೊತ್ತು.
ಒಂಬತ್ತನೇ ವಯಸ್ಸಿನಲ್ಲಿ, ಪಕ್ಕದ ಮನೆಯ ಗೌರಿ ಬಾಗಿನವನ್ನು
ಕಿಟಕಿಯ ಸರಳು ಹಿಡಿದು ನೋಡಿದ್ದೂ ಗೊತ್ತು,
ಸಂಜೆಯವರೆಗೂ ಅಂಗೈಗೆ ತುಕ್ಕಿನ ವಾಸನೆ.
ಎರಡೂ ಗೊತ್ತಿದ್ದವಳು ಏನು ಮಾಡುತ್ತಾಳೆ?
ಸಾರಿಗೆ ಒಗ್ಗರಣೆ ಹಾಕುತ್ತಾಳೆ.
ಹಾಕಿದೆ.

ಅಮ್ಮ ಅಲ್ಲಿಯವರೆಗೆ ಹುಣಸೆಯ ಬೀಜ ಬಿಡಿಸುತ್ತಿದ್ದಳು.
ಕೈ ನಿಲ್ಲಿಸದೆ ಕೇಳಿದಳು:
“ಅದ್ರಲ್ಲಿ ಅಜ್ಜಿ ಹೆಸರು ಎಂತ ಹಾಕಿದೀರಿ?”
“ಸುಮತಿ ಅಂತ.”
“ಸುಮತಿ ಯಾರು?”

ನಗುತ್ತಾಳೆ ಅಂದುಕೊಂಡೆವು. ನಗಲಿಲ್ಲ.

“ನಾನು ದ್ಯಾವಮ್ಮ.
ನಿಮ್ಮಪ್ಪ ಮೊಳೆ ಜೋಡಿಸ್ತಾ ಕೂತವನು
ಈ ಹೆಸರಲ್ಲಿ ದೇವರು ಸೇರ್ಕೊಂಡಿದಾನೆ ಅಂತ
ಒಂದೇ ಸಂಜೇಲಿ ಸುಮತಿ ಮಾಡಿದ.
ಅಚ್ಚಾಗಿ ಬಂದಮೇಲೆ, ಓದಿ ಹೇಳಿದ್ರು ನಂಗೆ.
ನಾವು ಗದ್ದೆ ಮಾಡ್ತಿದ್ದ ಒಡೇರ ಮನೇಲಿ
ಹೊಸ ಸೊಸೆಗೆ ಅಕ್ಕಿ ಮೇಲೆ ಬೇರೆ ಹೆಸರು ಬರೀತಿದ್ರು.
ಅಯ್ಯೋ ಪಾಪ ಅಂತಿದ್ದೆ.
ಅಲ್ಲಿ ಅಕ್ಕಿ. ಇಲ್ಲಿ ಸೀಸ.”

ಒಂದು ಬೀಜ ಮೊರದಿಂದ ಹಾರಿ
ಅಪ್ಪನ ಕಾಲ ಹತ್ತಿರ ಬಿತ್ತು.
ಬಗ್ಗಿ ಎತ್ತಿಕೊಂಡ. ಎಲ್ಲಿಡಬೇಕೆಂದು ತಿಳಿಯದೆ
ಎರಡು ಬೆರಳಿನ ನಡುವೆ, ಹಿಂದೆ ಅಕ್ಷರ ಹಿಡಿಯುತ್ತಿದ್ದ ಹಾಗೆ,
ಹಿಡಿದೇ ಕೂತ.
“ಒಳ್ಳೇದಕ್ಕೇ ಅಂತ...”
“ಹೌದು. ಎಲ್ರೂ ಒಳ್ಳೇದಕ್ಕೇ.”

ಆಮೇಲೆ ಮೊಮ್ಮಗಳ ಕಡೆ ತಿರುಗಿ:
“ಈ ಗೋತ್ರ ನಿಂಗೆ ಬೇಕಾ,
ಶಿಕಾರಿಪುರದ ನಿನ್ನತ್ತೆಗೆ ಬೇಕಾ?
ಈಗಲೇ ಹೇಳೋದು ಬೇಡ. ಮಲಗಿ ಎದ್ದು ಹೇಳು.”

ಸಮತಾ ಮಲಗಲಿಲ್ಲ.
ಅಜ್ಜಿಯ ಪಕ್ಕ ಕೂತು
ಒಂದು ಹಿಡಿ ಹುಣಸೆ ಎಳೆದುಕೊಂಡಳು.

ಬೆಳಿಗ್ಗೆ ಹಾಲು ಒಳಗಿಡಲು ಹೋದಾಗ ನೋಡಿದೆ.
ಸುಮತಿಯ ಮೇಲೆ ಪೆನ್ಸಿಲಿನ ಗೆರೆ, ಅಂಚಿನಲ್ಲಿ
ಹಳೆಯ ಪ್ರೆಸ್ಸಿನ ದುಂಡು ಕೈ: ದ್ಯಾವಮ್ಮ.
ಗಣಪತಿಯನ್ನು ಅಪ್ಪ ಮುಟ್ಟಿಲ್ಲ.
ಗೋತ್ರದ ಮುಂದೆ ಹಸಿರು ಇಂಕಿನಲ್ಲಿ
ಮಗಳ ಒಂದು ಪ್ರಶ್ನಾರ್ಥಕ ಚಿಹ್ನೆ,
ಅಷ್ಟೇ.

ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ವಧುವಿನ ತಾಯಿ.
ಅಪ್ಪ ನನಗಿಟ್ಟ ಹೆಸರು ಜಾಗೃತಿ.
ಕಾರ್ಡಿನಲ್ಲಿ ಜಾಗ್ರತಿ.
ಅಷ್ಟು ವರ್ಷ ಕಾಗುಣಿತ ತಿದ್ದಿದ ಕಣ್ಣಿಗೆ ಬಿದ್ದಿಲ್ಲ,
ಯಾರ ಕಣ್ಣಿಗೂ ಬಿದ್ದಿಲ್ಲ.

ಪೆನ್ನು ಹುಡುಕಿದೆ.
ಸಿಗಲಿಲ್ಲ ಅಂತಲ್ಲ.
ಹಾಲು ಉಕ್ಕುತ್ತಿತ್ತು.