ಬಿಳಿ, ಬಣ್ಣ, ಬಿಳಿ

ಕೆರೆಯುವ ಅಲಗು ನನ್ನ ಕೈಲಿ, ಕುಂಚ ವೆಂಡೆಲೀನನ ಕೈಲಿ.
ಮೊದಲು ತೊಗಟೆ ಕೆರೆ ಅನ್ನುತ್ತಾನೆ, ಗಾಯವಾಗದ ಹಾಗೆ,
ಮೀನಿನ ಹುರುಪೆ ತೆಗೆವ ಹಾಗೆ.
ಬೀಚ್ ಮರ ಸುಲಭ, ಮೈ ನುಣುಪು.
ಸ್ಪ್ರೂಸ್ ಹಾಗಲ್ಲ,
ಅಂಟು ಸುರಿಸಿ ಬೆರಳಿಗೆ ಬೆರಳು ಕಚ್ಚಿಸುತ್ತದೆ.

ಮೇಲೊಂದು ಬಿಳಿ ಪಟ್ಟಿ, ಕೆಳಗೊಂದು,
ನಡುವೆ ದಾರಿಯ ಬಣ್ಣ.

ಕೆಂಪು ಅಂದರೆ ಬೆಟ್ಟದ ಬೆನ್ನುಮೂಳೆ ಹಿಡಿದು ಹೋಗುವುದು,
ಮೂರು ದಿನ ನಡೆದರೂ ಮುಗಿಯದ್ದು.
ಬ್ರಾಟಿಸ್ಲಾವಾದ ಹುಡುಗರು ಹೊಸ ಬೂಟಿನಲ್ಲಿ ಬಂದು
ಮೊದಲ ಸಂಜೆಗೇ ಹಿಮ್ಮಡಿ ಸುಲಿದು ಕೂರುವುದು.
ನೀಲಿ, ಹೊಳೆಯ ಜೊತೆಗಾತಿ;
ನೆರೆ ಬಂದ ವರ್ಷ ಇಬ್ಬರೂ ಒಟ್ಟಿಗೇ ದಿಕ್ಕು ತಪ್ಪಿದರು.
ಹಸಿರು ಊರಿನವರದು.
ಹೊಸದಾಗಿ ಬಳಿಯುತ್ತಿದ್ದಾಗ ಹೆರ್ಮೀನಾ ಅಜ್ಜಿ
ಅಣಬೆ ಬುಟ್ಟಿ ಇಳಿಸಿ ನೋಡಿದಳು:
ನಮಗ್ಯಾಕೆ ಮಗಳೇ ಇದೆಲ್ಲ?
ಹಳದಿ?
ಹಳದಿ ಬರೀ ಒಳದಾರಿ, ಒಂದು ಬಣ್ಣದವರನ್ನು
ಇನ್ನೊಂದು ಬಣ್ಣಕ್ಕೆ ದಾಟಿಸಿ ತೆಪ್ಪಗಾಗುವುದು.

ಶಿಖರಕ್ಕೆ ತ್ರಿಕೋನ, ಪಾಳು ಕೋಟೆಗೆ ಒಂದು ಮೆಟ್ಟಿಲು,
ಒರತೆಗೆ ಬಾಗಿದ ಕಮಾನು.
ಇಷ್ಟೇ ಕಾಗುಣಿತ. ಎರಡು ಬೇಸಿಗೆ ಹಿಡಿಯಿತು ನನಗೆ.

ಬಣ್ಣವಿಲ್ಲದವೂ ಇವೆ.
ಕರಡಿಯದು, ರಾಸ್ಪ್‌ಬೆರಿ ಪೊದೆ ತುಳಿದುಕೊಂಡು,
ಅಗಲವಾಗಿ, ಯಾರಪ್ಪನ ಭಯವೂ ಇಲ್ಲದೆ.
ಜಿಂಕೆಯದು, ಮೊಣಕಾಲ ಕೆಳಗೆ ಮಾತ್ರ ತೆರೆದದ್ದು;
ಬಗ್ಗದೆ ನೋಡಿದರೆ ಇಲ್ಲವೇ ಇಲ್ಲ.
ಗಡಿಯಾಚೆಯಿಂದ ಇರುಳಲ್ಲಿ ಕುದುರೆ ಅಟ್ಟಿ ತರುತ್ತಿದ್ದವರದು.
ಅದನ್ನು ಕೇಳಿದರೆ ವೆಂಡೆಲೀನ್
ಬಣ್ಣದ ಡಬ್ಬಿ ಕಲಕತೊಡಗುತ್ತಾನೆ.

ಈ ಸಲ ಚೀಲದಲ್ಲಿ ಬೂದು ಬಣ್ಣವೂ ಇತ್ತು.
ಹುಳ ಬಿದ್ದು ಕಾಡು ಒಣಗಿದೆ, ಗಾಳಿ ಬೀಸಿದರೆ
ಮರಗಳು ಅಡ್ಡಡ್ಡ ಮಲಗುತ್ತವೆ.
ಆಫೀಸಿನ ಕಾಗದ: ಯಾವೊರೀನಾ ಹುಲ್ಲುಗಾವಲು, ಹಳದಿ,
ನಲವತ್ತು ನಿಮಿಷ, ಅಳಿಸತಕ್ಕದ್ದು.
ಅಲ್ಲಿ ಈಗ ಹುಲ್ಲು ಕೊಯ್ಯುವವರಿಲ್ಲ.
ಹದಿನೇಳರ ಪ್ರಾಯದಲ್ಲಿ ಅಪ್ಪನ ಹಿಂದೆ
ಉದ್ದ ಹಿಡಿಯ ಕುಡುಗೋಲು ಹೊತ್ತು ಅವನು ಹತ್ತಿದ್ದು ಅಲ್ಲಿಗೇ.
ಐವತ್ತೊಂದು ಗುರುತು. ಎಲ್ಲ ಅವನದೇ ಕೈ.

ಒಂದನ್ನಾದರೂ ಉಳಿಸಿಯಾನು ಅಂದುಕೊಂಡೆ.
ಉಳಿಸಲಿಲ್ಲ.
ಮೂವತ್ತನೆಯದರ ಹತ್ತಿರ ಬ್ರೆಡ್ಡು, ಈರುಳ್ಳಿ, ಹಂದಿಕೊಬ್ಬು ತಿಂದೆವು.
ಕೊನೆಯದು ಸತ್ತ ಮರದ ಮೇಲಿತ್ತು,
ತೊಗಟೆ ತಾನೇ ಕಳಚುತ್ತಿತ್ತು, ಇವತ್ತೋ ನಾಳೆಯೋ.
ಅದಕ್ಕೂ ಬಳಿದ. ಹಿಂದೆ ಸರಿದು ನೋಡಿದ.
ಮತ್ತೆ ಹೋಗಿ ಅಂಚು ನೇರ ಮಾಡಿದ.

ಇಳಿಯುವಾಗ ಕತ್ತಲು.
ಅವನು ಮುಂದೆ, ದೀಪವಿಲ್ಲದೆ,
ಬಿದ್ದ ಮರಗಳನ್ನು ಮನೆಯ ಹೊಸಿಲಿನ ಹಾಗೆ ದಾಟುತ್ತ.
ಎರಡು ತಿರುವಿನಲ್ಲಿ ಅವನ ಕೆಮ್ಮೂ ಕೇಳದಾಯಿತು.
ನಾನು ಹಣೆಯ ಟಾರ್ಚನ್ನು ಮರದಿಂದ ಮರಕ್ಕೆ ಹಾಯಿಸಿದೆ,
ಅಳಿಸಿದ ಜಾಗ ಎಲ್ಲೆಲ್ಲಿ ಹಸಿಯಾಗಿ ಮಿನುಗಿತೋ
ಅಲ್ಲಲ್ಲಿಗೆ ಹೆಜ್ಜೆ ಇಟ್ಟೆ.
ಬೂದು, ಬೂದು, ಮತ್ತೊಂದು ಬೂದು.
ಒಣಗುವುದರೊಳಗೆ ಊರು ಸೇರಬೇಕಿತ್ತು.