ಆರು ಸಲ ಆರಿಸಿ

ಕಂಪನಿ ಬಾಗಿಲು ಹಾಕಿತಂತೆ, ಯಾವ ಊರಲ್ಲೋ.
ಕೆಳಗೋಟೆಯ ನಮ್ಮ ಬಚ್ಚಲ ದೀಪ
ಅದಕ್ಕೇ ಹತ್ತಲಿಲ್ಲ.

ಅಂದು ನನಗೆ ರಾತ್ರಿ ಪಾಳಿ, ಹೆಂಗಸರ ವಾರ್ಡು.
ಎರಡು ಹತ್ತಕ್ಕೆ ಎದ್ದವರು
ಟೀಪಾಯಿಗೆ ಮೊಣಕಾಲು ಒಡೆದುಕೊಂಡು
ಮಂಚದಂಚಿಗೇ ಕೂತಿದ್ದರು, ಬೆಳಗಾಗುವವರೆಗೆ.
ಮೂವತ್ತೊಂದು ವರ್ಷ ಲೈನ್‌ಮನ್ ಪಾಲಯ್ಯ.
ಕಣ್ಣಿಗೆ ಈಗ ಹಗಲಷ್ಟೇ ಉಳಿದಿದೆ, ಇರುಳುಗುರುಡು.
ಟಿವಿ ಪಕ್ಕ ಕಂಪನಿಯ ಬಿಳಿ ಡಬ್ಬಿ
ಕೆಂಪು ಚುಕ್ಕಿ ಉರಿಸಿಕೊಂಡು ಸುಮ್ಮನಿತ್ತು.

"ಗೋಡೇಲಿ ಸ್ವಿಚ್ಚಿತ್ತಲ್ಲ?" ಅಂದೆ, ಗಾಯ ಒರೆಸುತ್ತ.
"ಅದಕ್ಕೆ ಟೇಪು ಹಾಕೈತಲ್ಲೇ, ಮುಟ್ಟಬೇಡಿ ಅಂತ."

ಹೌದು, ಬಲ್ಬು ಹಾಕಿದ ಹುಡುಗ ಅಂಟಿಸಿ ಹೋದದ್ದು.
ನನಗದು ಬರೀ ಟೇಪು.
ಅವರಿಗೆ, ಕಂಬದ ತುದಿಯಲ್ಲಿ ಯಾರೋ ತಂತಿ ಹಿಡಿದಿರುವಾಗ
ಕೆಳಗೆ ಸ್ವಿಚ್ಚಿಗೆ ಕಟ್ಟುವ ಚೀಟಿ.
ಆ ಚೀಟಿಯನ್ನು ಯಾರೂ ಕೀಳದೆ ಬಿಟ್ಟದ್ದಕ್ಕೇ
ಇವತ್ತು ನನ್ನೆದುರು ಕೂತು ಕಾಫಿ ಆರಿಸಿಕೊಳ್ಳುತ್ತಿದ್ದಾರೆ.

ಹುಡುಗನಿಗೆ ಫೋನು ಮಾಡಿದೆ.
ದೀಪಗಳ ನೆನಪೆಲ್ಲ ಮೋಡದಲ್ಲಿತ್ತು ಮೇಡಂ, ಅಂದ.
ಮೋಡ!
ಚಿತ್ರದುರ್ಗದಲ್ಲಿ ನಿಂತು ಮೋಡ ನಂಬಿ ಅನ್ನುತ್ತಾನೆ.
ಇಲ್ಲಿಗೆ ಬಂದ ಮೋಡ
ಜೋಗಿಮಟ್ಟಿಯ ಗಾಳಿಯಂತ್ರಗಳ ಕೈಲಿ ತಲೆ ಸವರಿಸಿಕೊಂಡು
ಹಿರಿಯೂರಿನ ಕಡೆ ಹೋಗಿಬಿಡುತ್ತದೆ, ಒಂದು ಹನಿ ಉದುರಿಸದೆ.

ಪಾಲಯ್ಯನವರದು ಒಂದೇ ಪ್ರಶ್ನೆ:
"ಕರೆಂಟು ಕಂಬದಿಂದ ಬರತೈತೆ, ಬಿಲ್ಲು ನಾನು ಕಟ್ತೀನಿ.
ಮಧ್ಯೆ ಯಾರದೇ ಅಪ್ಪಣೆ?"

ಉತ್ತರಕ್ಕೆ ಮೂರು ವಾರ ಹಿಡಿಯಿತು.
ಸಹಕಾರಿ ಬ್ಯಾಂಕಿನ ಹರಾಜಿನಲ್ಲಿ ಹನ್ನೆರಡು ನೂರಕ್ಕೊಂದು ಕಂಪ್ಯೂಟರು,
ಫ್ಯಾನಿನೊಳಗೆ ಹತ್ತು ವರ್ಷದ ನೋಟಿನ ಧೂಳು.
ಹೆಬ್ಬೆರಳುದ್ದದ ಒಂದು ರೇಡಿಯೋ ಕಡ್ಡಿ, ಪೋಸ್ಟಿನಲ್ಲಿ.
ಚುಚ್ಚಿದರೆ ಕಿವುಡು.
ಗಜದುದ್ದ ಕೇಬಲ್ಲಿನ ತುದಿಗೆ ಸಿಕ್ಕಿಸಿ
ಕಂಪ್ಯೂಟರಿನ ಗದ್ದಲದಿಂದ ದೂರ
ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದ ಮೇಲೆ
ಕಿವಿ ತೆರೆಯಿತು.

ಹಳೆಯ ಒಡೆಯನನ್ನು ಬಲ್ಬು ಮರೆಯಬೇಕಾದರೆ
ಆರು ಸಲ ಆರಿಸಿ ಆರು ಸಲ ಹಚ್ಚಬೇಕು.
ಟೇಪು ಕಿತ್ತವರು ಅವರೇ,
"ಮೇಲೆ ಯಾರೂ ಇಲ್ಲ ತಾನೇ?" ಅಂತ ಎರಡೆರಡು ಸಲ ಕೇಳಿ.
ಅವರು ಸ್ವಿಚ್ಚು, ನಾನು ಎಣಿಕೆ.
ಐದಕ್ಕೆ ತಪ್ಪಿತು. ಮತ್ತೆ ಒಂದರಿಂದ.
ಆರನೆಯದಕ್ಕೆ ಬಲ್ಬು ಪಿಳಿಪಿಳಿ ಕಣ್ಣು ಬಿಟ್ಟಿತು,
ಹೆರಿಗೆ ವಾರ್ಡಿನಲ್ಲಿ ನಾನು ಮೈ ಒರೆಸಿಕೊಟ್ಟ ಕೂಸುಗಳ ಹಾಗೆ.
ಹೆಸರಿಡಬೇಕಲ್ಲ, ಇಟ್ಟೆವು:
ಮಂಚದಡಿ. ಹೊಸಿಲು. ಬಚ್ಚಲು.
ನಾಲ್ಕನೆಯದಕ್ಕೆ ಸಿದ್ದವ್ವನಹಳ್ಳಿ ಸಬ್‌ಸ್ಟೇಷನ್ ಅಂದರು ಅವರು.
ಯಾಕೆಂದು ಕೇಳಿದರೆ ನಗು.

ಈಗ ಕಾಲು ನೆಲಕ್ಕಿಟ್ಟರೆ ಸಾಕು,
ಮಂಚದಡಿ ಹೊಸಿಲಿಗೆ ಹೇಳುತ್ತದೆ, ಹೊಸಿಲು ಬಚ್ಚಲಿಗೆ.
ಕೋಟೆಯ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ
ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ,
ಕಡೆಗೆ ಪೇಟೆಯ ಸಂತೆಹೊಂಡಕ್ಕೆ ಇಳಿದು ಬಂದ ಹಾಗೆ.
ಕಟ್ಟಿದವರು ಯಾವ ನದಿಯನ್ನೂ ಕೇಳಿರಲಿಲ್ಲ.

ಇಂಟರ್ನೆಟ್ಟಿನ ತಂತಿಯನ್ನು ಮೊನ್ನೆ ಇಲಿ ಕಡಿಯಿತು.
ಎರಡು ದಿನ ನಮಗೆ ಗೊತ್ತೇ ಆಗಲಿಲ್ಲ.

ಕಳೆದುಕೊಂಡದ್ದು ಒಂದೇ.
ಮೊದಲು ವಾರ್ಡಿನಿಂದಲೇ ಫೋನು ತೆರೆದರೆ
ಅವರು ಎದ್ದದ್ದು, ಬಚ್ಚಲಲ್ಲಿ ಎಷ್ಟು ಹೊತ್ತಿದ್ದದ್ದು
ಎಲ್ಲ ತಿಳಿಯುತ್ತಿತ್ತು, ನನಗೂ ಕಂಪನಿಗೂ.
ಹೊರಗಿನಿಂದ ಇಣುಕಲು ಈಗಲೂ ಕಿಂಡಿ ಕೊರೆಯಬಹುದಂತೆ.
ಈ ಊರಿನವಳು ನಾನು,
ಕಿಂಡಿ ಅಂದರೇನೆಂದು ಗೊತ್ತು.
ಕೊರೆಯಲಿಲ್ಲ.
ಗಂಡಸು ನಡುರಾತ್ರಿ ಎಷ್ಟು ಸಲ ಏಳುತ್ತಾನೆ ಅನ್ನುವುದು
ಅವನಿಗೂ ಗೋಡೆಗೂ ಬಿಟ್ಟ ಮಾತು.

ಹನ್ನೊಂದನೇ ಬೆಡ್ಡಿನ ಅಜ್ಜಿಗೆ ಗ್ಲೂಕೋಸು ಬದಲಿಸುತ್ತೇನೆ.
ಗೋಡೆ ಗಡಿಯಾರದಲ್ಲಿ ಎರಡು ಹತ್ತು.

ಹತ್ತಿರಬಹುದು.